ಎಡಗಡೆ ಕಾಕಾ, ಬಲಗಡೆ ಕಾಕು

ನಮ್ಮ ಕಾಕಾನಿಗೆ ಕಾರು ಓಡಿಸಲು ಬರುವುದಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಬರುತ್ತದೆ, ಆದರೆ ಅರ್ಧ ಮಾತ್ರ. ಉಳಿದ ಅರ್ಧ ಕಾಕುಗೆ ಬರುತ್ತದೆ. ಇಬ್ಬರೂ ಕೂತಾಗ ಒಬ್ಬ ಪೂರ್ತಿ ಡ್ರೈವರ್ ತಯಾರಾಗುತ್ತಾನೆ. ಇದು ಗಾಳಿಮಾತಲ್ಲ. ಗೋಕಾಕದ ಶೋರೂಮೊಂದರಲ್ಲಿ ಹನ್ನೆರಡು ವರ್ಷದಿಂದ ಹೊಸ ಕಾರು ಮಾರುತ್ತಿರುವ ನಾನು, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡೇ ಹೇಳುತ್ತಿದ್ದೇನೆ.

ಕಾಕಾ ನನ್ನ ಅಪ್ಪನ ತಮ್ಮ, ಕಾಕು ಅವನ ಹೆಂಡತಿ. ಮೂಡಲಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಾನು ಕೆಲಸಕ್ಕೆ ಸೇರಿದ ವರ್ಷ ಅವನಿಗೂ ಕಾರು ಕೊಳ್ಳುವ ಮನಸ್ಸಾಗಿತ್ತು. ನನ್ನ ಮೊದಲ ಗಿರಾಕಿ ಇವನೇ ಎಂದು ಮನೆಮಂದಿಯೆಲ್ಲ ತಿಳಿದಿದ್ದೆವು. ಯಾವ ಬಣ್ಣ ಎಂಬುದೊಂದೇ ಬಾಕಿ ಎಂದುಕೊಂಡು ನಾನು ಬಣ್ಣದ ಹಾಳೆ ಹಿಡಿದು ಮೂಡಲಗಿಗೆ ಹೋದೆ. ಕಾಕಾ ಹುಕ್ಕೇರಿಗೆ ಹೋಗಿದ್ದ. ಅಲ್ಲಿ ಒಬ್ಬನು ದುಬೈ ಗಾಡಿ ತರಿಸಿ ಕೊಡುತ್ತಾನಂತೆ! ಹಡಗಿನಲ್ಲಿ ಬಂದು, ಯಾವುದೋ ದಂಡೆಗೆ ಇಳಿದು, ಘಟ್ಟ ಹತ್ತಿ ಬರುತ್ತದಂತೆ. ನಡುವೆ ಯಾರ್ಯಾರ ಕೈ ಬದಲಾಯಿಸುತ್ತದೆ ಎಂಬುದನ್ನು ಕೇಳಬಾರದಂತೆ.

ಸಂಜೆ ಗಾಡಿ ಬಂತು. ದೊಡ್ಡದು, ಬೆಳ್ಳಗಿನದು, ಅವರ ಓಣಿಯ ಅರ್ಧ ಅಗಲ. ನಾನು ಹೊಟ್ಟೆಕಿಚ್ಚು ನುಂಗಿಕೊಂಡು ಬಾಗಿಲು ತೆರೆದೆ.

"ಕಾಕಾ, ಸ್ಟೇರಿಂಗ್ ಎಡಕ್ಕೈತಲ್ಲೋ."

"ಸ್ಟೇರಿಂಗ್ ಅಂತೂ ಐತಿಲ್ಲ? ಯಾವ ಬಾಜೂ ಇದ್ದರೇನಾತು?"

ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ? ಕಾಗದಪತ್ರ ಕೇಳಿದರೆ ಒಂದು ಖಾಲಿ ಗೊಬ್ಬರದ ಚೀಲ ತಂದು ಮುಂದಿಟ್ಟ. ಅದರಲ್ಲಿ ಮೂರು ಭಾಷೆಯ ಕಾಗದಗಳಿದ್ದವು. ನಮಗೆ ಬೇಕಾದ ಕಾಗದ ಅದರಲ್ಲಿದೆಯೋ ಇಲ್ಲವೋ ಎಂದು ನಾನು ಇವತ್ತಿಗೂ ಹುಡುಕಲು ಹೋಗಿಲ್ಲ. ಸಂಬಂಧ ಕೆಡಬಾರದು ನೋಡಿ.

ಗಾಜಿನ ಮೂಲೆಯಲ್ಲಿ ಅರಬ್ಬಿ ಅಕ್ಷರದ ಚೀಟಿಯೊಂದು ಅಂಟಿತ್ತು. ಅದು ಪವಿತ್ರವಾದದ್ದೇ ಇರಬೇಕೆಂದು ಕಾಕಾ ತಾನೇ ತೀರ್ಮಾನಿಸಿದ. ಅದರ ಕಡೆ ಕಾಲು ಚಾಚಗೊಡುತ್ತಿರಲಿಲ್ಲ. ಅಮಾವಾಸ್ಯೆಗೆ ಗಾಡಿಗೆ ನಿಂಬೆಹಣ್ಣು ಕಟ್ಟಿದಾಗ ಆ ಚೀಟಿಗೂ ಒಂದು ಹೂವು ಏರಿಸುತ್ತಿದ್ದ. ಒಮ್ಮೆ ಹುಕ್ಕೇರಿಯಲ್ಲಿ ಅರಬ್ಬಿ ಬಲ್ಲ ಮೌಲಾನಾ ಒಬ್ಬರು ಸಿಕ್ಕಾಗ ಓದಿ ಹೇಳಲು ಕೇಳಿಕೊಂಡ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

"ಯಜಮಾನ್ರ, ಐದು ಸಾವಿರ ಕಿಲೋಮೀಟರ್ ಆದ ಮ್ಯಾಲೆ ಎಣ್ಣಿ ಬದಲ ಮಾಡ್ರಿ ಅಂತ ಬರದಾರ. ಮಾಡಿಸಿರೇನು?"

ಕಾಕಾ ಮಾಡಿಸಿರಲಿಲ್ಲ. ಎರಡು ವರ್ಷ ಹೂವು ಏರಿಸಿದ್ದ.

ಗಾಡಿಯ ಮೇಲೆ ಮಾತ್ರ ಒಂದು ಮಾತು ಬರಗೊಡುವವನಲ್ಲ. ಪ್ರತಿ ಭಾನುವಾರ ನಮ್ಮ ಶೋರೂಮಿಗೆ ಬಂದು, ನಮ್ಮ ಚಹಾ ಕುಡಿದು, ನಮ್ಮ ಕಾರುಗಳ ಬಾಗಿಲು ಒಂದೊಂದಾಗಿ ತೆರೆದು ಮುಚ್ಚಿ, ಸಪ್ಪಳ ಕೇಳಿ, "ಡಬ್ಬಿ ಮುಚ್ಚಿದಂಗ ಆತು" ಎನ್ನುತ್ತಿದ್ದ. ಅದೂ ಬೇರೆ ಗಿರಾಕಿಗಳ ಎದುರಿಗೆ! ಅವನ ಗಾಡಿಯ ಎ.ಸಿ. ಮರಳುಗಾಡಿಗೆಂದು ಮಾಡಿದ್ದು. ಮೇ ತಿಂಗಳಲ್ಲಿ ಅದರಲ್ಲಿ ಕೂತ ಬೀಗರು ಗೋಕಾಕದಲ್ಲಿ ನಡುಗುತ್ತಾ ಇಳಿದದ್ದನ್ನು ನಾನೇ ಕಂಡಿದ್ದೇನೆ. ಅವರಿಗೆಂದೇ ಹಿಂದೆ ಎರಡು ಕಂಬಳಿ ಇಟ್ಟಿದ್ದ. ಎಲ್ಲಕ್ಕಿಂತ ದೊಡ್ಡ ಹೆಮ್ಮೆ ಅದರ ಗೇರಿನದು.

"ನಿಮ್ಮ ಗಾಡ್ಯಾಗ ಹತ್ತ ಹೆಜ್ಜಿಗೊಮ್ಮೆ ಗೇರ್ ಹಾಕಬೇಕು. ಇದಕ್ಕ ಹಾಕೂ ಮಾತ ಇಲ್ಲ. ತಾನ ಹಾಕ್ಕೋತೈತಿ, ತಾನ ತಕ್ಕೋತೈತಿ. ನಂದೇನಿದ್ರೂ ಕುಂಡ್ರೂ ಕೆಲಸ."

ಕೂರುವ ಕೆಲಸ ಸುಲಭವಾಗಿರಲಿಲ್ಲ. ನಮ್ಮಲ್ಲಿ ಎಡಕ್ಕೆ ಹೋಗಬೇಕು, ಕಾಕಾನೂ ಎಡಕ್ಕೆ ಕೂತಿರುತ್ತಾನೆ. ಮುಂದೊಂದು ಕಬ್ಬಿನ ಟ್ರ್ಯಾಕ್ಟರ್ ಬಂದರೆ ಅವನಿಗೆ ಕಾಣುವುದು ಕಬ್ಬು ಮತ್ತು ರಸ್ತೆ ಬದಿಯ ಗಟಾರ. ಕಬ್ಬು ಕಡಿಯುವ ಹಂಗಾಮು ಶುರುವಾದರೆ ಮೂಡಲಗಿಯಿಂದ ಗೋಕಾಕದವರೆಗೆ ರಸ್ತೆ ತುಂಬ ಇದೇ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರೇಲರು, ಮೇಲೆ ಮನೆಯೆತ್ತರ ಕಬ್ಬು, ಕಿವಿ ಕಿತ್ತುಹೋಗುವಂಥ ಹಾಡು. ಎದುರಿಗೆ ಏನು ಬರುತ್ತಿದೆ ಎಂದು ನೋಡಬೇಕಾದರೆ ಬಲಗಡೆ ಕೂತವರೇ ನೋಡಬೇಕು. ಹೀಗೆ ಕಾಕುಗೆ ಕೆಲಸ ಸಿಕ್ಕಿತು.

"ಹೋಗ್ಲೇನ?" ಎಂದು ಕಾಕಾ ಕೇಳುತ್ತಾನೆ.

"ತಡೀರಿ. ಬಸ್ ಬಂತು. ಅದರ ಹಿಂದ ಒಂದ ಬೈಕ್ ಐತಿ. ಅಂವಾ ಫೋನಿನ್ಯಾಗ ಮಾತಾಡಕೋಂತ ಹೊಂಟಾನ, ನಿಧಾನ ಅದಾನ. ಹಾಂ, ಈಗ ಹೋಗ್ರಿ."

ಕಾಕಾ ಹೋಗುತ್ತಾನೆ. ಮರುಮಾತಿಲ್ಲ. ಇದರ ಮಹತ್ವ ನಿಮಗೆ ತಿಳಿಯಬೇಕಾದರೆ ಅವರ ಮನೆಯ ವಿಷಯ ಸ್ವಲ್ಪ ಹೇಳಬೇಕು. ಸಾರಿನ ಉಪ್ಪಿನಿಂದ ಮಗಳ ಮದುವೆಯವರೆಗೆ ಅಲ್ಲಿ ಕೊನೆಯ ಮಾತು ಕಾಕಾನದು. ಕಾಕು ಏನಾದರೂ ಹೇಳಲು ಬಾಯಿ ತೆರೆದರೆ "ನಿನಗ ತಿಳಿಯೂದಿಲ್ಲ, ಸುಮ್ಕಿರು" ಎಂಬ ಉತ್ತರ ತಯಾರಿರುತ್ತಿತ್ತು. ಆದರೆ ಗಾಡಿಯೊಳಗೆ ಬಂದು ಕೂತರೆ ರಾಜ್ಯವೇ ಬೇರೆ. ಅಲ್ಲಿ ತಿಳಿಯುವುದು ಕಾಕುಗೆ ಮಾತ್ರ.

ಒಮ್ಮೆ ಮನೆಯಲ್ಲಿ ಜಗಳವಾಡಿಕೊಂಡು ಹೊರಟಿದ್ದರು. ಮೂಡಲಗಿ ದಾಟುತ್ತಲೇ ಒಂದು ಟ್ರ್ಯಾಕ್ಟರ್ ಸಿಕ್ಕಿತು.

"ಹೋಗ್ಲೇನ?"

"ತಡೀರಿ."

ಎರಡು ಮೈಲು ಹೋದರೂ "ತಡೀರಿ". ಅರಭಾವಿ ಸಮೀಪಿಸಿದರೂ "ತಡೀರಿ". ಹಿಂದಿನ ಗಾಡಿಗಳೆಲ್ಲ ಇವರನ್ನು ದಾಟಿ ಹೋದವು. ಒಂದು ಎತ್ತಿನ ಚಕ್ಕಡಿಯೂ ದಾಟಿತೆಂದು ಕಾಕಾ ಹೇಳುತ್ತಾನೆ, ಅಷ್ಟನ್ನು ನಾನು ನಂಬುವುದಿಲ್ಲ. ಕೊನೆಗೆ ಕಾಕಾ ಗಂಟಲು ಸರಿಮಾಡಿಕೊಂಡು, "ತಪ್ಪಾತು ಬಿಡ ಮಾರಾಯ್ತಿ" ಎಂದ. ಕಾಕು ಸೆರಗು ಸರಿಪಡಿಸಿಕೊಂಡು ಒಂದೇ ಮಾತು ಹೇಳಿದಳು.

"ಹೋಗ್ರಿ. ಆವಾಗಿಂದ ಖಾಲಿನ ಐತಿ."

ಗೋಕಾಕದ ನಾಕಾದಲ್ಲಿ ಹೊಸದಾಗಿ ಬಂದ ಪೊಲೀಸನೊಬ್ಬ ಇವರನ್ನು ತಡೆದದ್ದೂ ಒಂದು ಕತೆಯೇ. ಅವನು ರೂಢಿಯಂತೆ ಬಲಗಡೆ ಕಿಟಕಿಗೆ ಬಂದ. ಕಾಕು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಎರಡೂ ಕೈಯಿಂದ ಬಳ್ಳೊಳ್ಳಿ ಸುಲಿಯುತ್ತಿದ್ದಳು. ಇದೇ ಸ್ಥಿತಿಯಲ್ಲಿ ಗಾಡಿ ದೂರದಿಂದ ಓಡಿ ಬಂದದ್ದನ್ನು ಅವನು ಕಣ್ಣಾರೆ ನೋಡಿದ್ದ.

"ಲೈಸೆನ್ಸ್ ತೋರಸ್ರಿ ಅವ್ವಾ."

"ನನ್ನ ಕಡೆ ಇಲ್ರಿ."

"ಮತ್ತ ಗಾಡಿ ಹೆಂಗ ಹೊಡೀತೀರಿ?"

"ನಾ ಹೊಡಿಯೂದಿಲ್ರಿ ಸಾಹೇಬ್ರ. ಹೇಳತೇನಿ, ಅಷ್ಟ."

ನಾನು ಸೋಲು ಒಪ್ಪಿರಲಿಲ್ಲ. ಒಂದು ದಸರೆಗೆ ಇಬ್ಬರನ್ನೂ ಕರೆಸಿ, ಹೊಚ್ಚ ಹೊಸ ಕಾರಿನಲ್ಲಿ ಕೂರಿಸಿ, ಒಂದು ಸುತ್ತು ಹೋಗಿ ಬನ್ನಿ ಎಂದೆ. ಕಾಕಾ ಬಲಕ್ಕೆ, ಕಾಕು ಎಡಕ್ಕೆ. ನಾನು ಹಿಂದೆ. ಊರು ದಾಟಿದ್ದೇ ಲಾರಿಯೊಂದು ಅಡ್ಡ ಬಂತು. ಕಾಕಾನಿಗೆ ಎದುರಿನ ರಸ್ತೆ ನಿಚ್ಚಳವಾಗಿ ಕಾಣುತ್ತಿತ್ತು. ಆದರೂ ಅಭ್ಯಾಸ ಬಿಡಬೇಕಲ್ಲ?

"ಹೋಗ್ಲೇನ?"

"ನನಗೇನ ಕಾಣತೈತಿ ಇಲ್ಲೆ? ಗಟಾರ ಕಾಣತೈತಿ. ನೀವ ನೋಡ್ಕೊಂಡ ಹೋಗ್ರಿ" ಎಂದು ಕಾಕು ಕಿಟಕಿಯ ಕಡೆ ಮುಖ ತಿರುವಿದಳು.

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಕಾಕಾ ಅಲ್ಲಿಂದಲೇ ಗಾಡಿ ತಿರುಗಿಸಿ ತಂದು ಕೀಲಿಕೈ ನನ್ನ ಕೈಯಲ್ಲಿಟ್ಟ. "ಗಾಡಿ ಚಲೋ ಐತಿ ತಮ್ಮಾ. ಆದ್ರ ಇದರಾಗ ಮಾತಾಡಾಕ ಏನೂ ಇಲ್ಲ." ಹೊಸ ಕಾರಿನಲ್ಲಿ ಇಂಥದೊಂದು ದೋಷವನ್ನು ಹುಡುಕಿದ ಇನ್ನೊಬ್ಬ ಗಿರಾಕಿಯನ್ನು ನಾನು ಕಂಡಿಲ್ಲ.

ಈ ಸಲದ ಹಂಗಾಮಿನಲ್ಲಿ ನಮ್ಮ ಮ್ಯಾನೇಜರು, "ನಿಮ್ಮ ಕಾಕಾನಿಗಾದರೂ ಒಂದು ಮಾರಿ ತೋರಿಸಿ ನೋಡೋಣ" ಎಂದು ಕೆಣಕಿದರು. ನಾನು ಬ್ಯಾಗಿನಲ್ಲಿ ಹೊಸ ಕಾರಿನ ಪುಸ್ತಿಕೆ ಇಟ್ಟುಕೊಂಡು ಮೂಡಲಗಿಗೆ ಬಸ್ಸಿನಲ್ಲಿ ಹೋದೆ. ಕಾಕಾ, ಕಾಕು ಗೋಕಾಕಕ್ಕೆ ಹೊರಡಲು ಸಿದ್ಧರಾಗಿದ್ದರು. ಅವರ ಗಾಡಿಯಲ್ಲೇ ಕಾಕುನ ಹಿಂದಿನ ಸೀಟಿನಲ್ಲಿ ಕೂತೆ.

ಅರಭಾವಿಗಿಂತ ಮೊದಲೇ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು.

"ಹೋಗ್ಲೇನ?"

ಕಾಕು ಮುಂದೆ ಬಾಗಿ, ಗಾಜಿಗೆ ಹಣೆ ಹಚ್ಚುವಷ್ಟು ಹತ್ತಿರ ಹೋಗಿ ನೋಡಿದಳು. "ಹೋಗ್ರಿ. ಖಾಲಿ ಐತಿ."

ಎದುರಿನಿಂದ ಕೆಂಪು ಬಸ್ಸೊಂದು ನೇರವಾಗಿ ಬರುತ್ತಿತ್ತು. ನನಗೆ ಸ್ಪಷ್ಟವಾಗಿ ಕಂಡಿತು. ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಪಕ್ಕದ ಗೇರಿನ ಹಿಡಿಯನ್ನು ಎರಡು ಸಲ ಅಲ್ಲಾಡಿಸಿ, "ಥೂ ಇದರ! ಗೇರ್ ಬೀಳವಲ್ದು ನೋಡ" ಎಂದ.

ಬಸ್ಸು ಭರ್ರೆಂದು ದಾಟಿ ಹೋಯಿತು.

ಗೇರ್ ಬೀಳುತ್ತಿಲ್ಲವೇ? ತಾನೇ ಹಾಕಿಕೊಂಡು ತಾನೇ ತೆಗೆದುಕೊಳ್ಳುವ ಗೇರು? ಹನ್ನೆರಡು ವರ್ಷದಲ್ಲಿ ಆ ಗಾಡಿಯ ಮೇಲೆ ಒಂದು ದೂರು ಹೇಳದ ಬಾಯಿ! ನಾನು ಕನ್ನಡಿಯಲ್ಲಿ ಕಾಕಾನ ಮುಖ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಅರಭಾವಿಯಲ್ಲಿ ಗಾಡಿ ನಿಲ್ಲಿಸಿ, "ಬಾರೋ ತಮ್ಮಾ, ಗೇರ್ ನೋಡೂಣು" ಎಂದು ಇಳಿದು ಮುಂದಿನ ಬಾನೆಟ್ ಎತ್ತಿದ. ಅದರ ಮರೆಯಲ್ಲಿ ಕಾಕುಗೆ ನಾವು ಕಾಣುತ್ತಿರಲಿಲ್ಲ.

"ನಿಮ್ಮ ಕಾಕುಗ ಸಕ್ರಿ ಬ್ಯಾನಿ ಕಣ್ಣಿಗೆ ಇಳದೈತಿ" ಎಂದ ಕಾಕಾ, ಎಂಜಿನ್ನಿನ ಕಡೆ ನೋಡುತ್ತಾ. "ಒಂದ ಕಣ್ಣ ಹೋದಂಗನ. ಇನ್ನೊಂದರಾಗ ಮಬ್ಬ ಕಾಣತೈತಿ. ಅಂಕಲಗಿಗೆ, ತವರಿಗೆ ಹೊಂಟೇನಿ ಅಂತ ಹೇಳಿ ಅಲ್ಲಿಂದ ತಮ್ಮನ ಕರಕೊಂಡ ಬೆಳಗಾವಿ ಡಾಕ್ಟರ್ ಕಡೆ ಹೋಗಾಕತ್ತಾಳ. ಇಂಜೆಕ್ಷನ್ ಮಾಡ್ತಾರಂತ. ಇದ್ದದ್ದ ಉಳದೀತು, ಹೋದದ್ದ ಬರೂದಿಲ್ಲಂತ."

"ನಿನಗ ಹೇಳಿಲ್ಲೇನ?"

"ಇಲ್ಲ. ತಮ್ಮನ ಜೋಡಿ ಫೋನಿನ್ಯಾಗ ಮಾತಾಡೂದ ಕೇಳಿದ್ನಿ. ಇವರಿಗೆ ಹೇಳಬ್ಯಾಡ, ಗೊತ್ತಾದ್ರ ಗಾಡಿ ಮಾರಿ ಬಿಡ್ತಾರ ಅಂದ್ಲು. ಇವರು ನನ್ನ ಮಾತ ಕೇಳೂದು ಅದೊಂದ ಗಾಡ್ಯಾಗ ಅಂದ್ಲು."

ಕಾಕಾ ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಅಲ್ಲೇ ಹಾಕಿದ.

"ಮೂರ ತಿಂಗಳಾತು. ಯಾರನ್ನೂ ಓವರ್‌ಟೇಕ್ ಮಾಡಿಲ್ಲ ನಾ."

ಬಾನೆಟ್ ಮುಚ್ಚಿ ಮತ್ತೆ ಕೂತೆವು. ಸ್ವಲ್ಪ ದೂರದಲ್ಲಿ ಅದೇ ಟ್ರ್ಯಾಕ್ಟರ್, ಅದೇ ಹಾಡು. ನಾವು ಅದರ ಹಿಂದೆ ಸೇರಿಕೊಂಡೆವು.

"ರಿಪೇರಿ ಆತೇನ್ರಿ?" ಎಂದು ಕಾಕು ಕೇಳಿದಳು.

"ಎಲ್ಲಿ ರಿಪೇರಿ! ಇದರ ಸಾಮಾನ ಇಲ್ಲೆ ಸಿಗೂದಿಲ್ಲ. ಅವತ್ತ ಇವನ ಶೋರೂಮಿನ ಗಾಡಿ ತಗೊಂಡಿದ್ರ ಇಷ್ಟ ತ್ರಾಸ ಇರ್ತಿರಲಿಲ್ಲ."

ಈ ಮಾತು ಕೇಳಲು ನಾನು ಹನ್ನೆರಡು ವರ್ಷ ಕಾದಿದ್ದೆ. ಪುಸ್ತಿಕೆ ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲೇ ಇತ್ತು. ನಾನು ಅದರ ಜಿಪ್ ಎಳೆದು ಮುಚ್ಚಿದೆ.

"ತ್ರಾಸ ಇರ್ತಿರಲಿಲ್ಲ ಅನ್ನಬ್ಯಾಡ ಕಾಕಾ. ನಮ್ಮ ಗಾಡಿ ಗೇರೂ ಹಿಂಗ ಕೈ ಕೊಡತಾವ. ಇದ ಚಲೋ ಐತಿ, ಮಾರಬ್ಯಾಡ."

ಕಾಕಾ ಎಂದಿನ ದನಿಯಲ್ಲೇ ಕೇಳಿದ.

"ಈಗ ಹೋಗ್ಲೇನ?"

ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡು ಗಾಜಿನ ಕಡೆ ಬಾಗಿದಳು.

"ತಡೀರಿ," ಎಂದಳು. "ನೋಡಿ ಹೇಳತೇನಿ."