ಬಿ.ಎಸ್ಸಿ. ಓದಿದವನ ಸಕ್ಕರೆ ಅಚ್ಚು

ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಮನುಷ್ಯ ನಾನು. ದೇವನೂರು ಕಡೆಯ ಹೊಲದಲ್ಲಿ ಅಪ್ಪ ಗೇದು, ಅವ್ವ ಎಮ್ಮೆ ಹಾಲು ಮಾರಿ ಓದಿಸಿದ ಬಿ.ಎಸ್ಸಿ. ನನ್ನದು. ಅದೂ ರಸಾಯನಶಾಸ್ತ್ರ. ಇಂಥವನಿಗೆ ಸಂಕ್ರಾಂತಿಯ ಸಕ್ಕರೆ ಅಚ್ಚು ಹೊಯ್ಯುವುದು ಒಂದು ಕೆಲಸವೇ?

ಆ ವರ್ಷ ನಾನು ಅಜ್ಜಂಪುರದ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದಿದ್ದೆ. ಹೆಂಡತಿ ಸರ್ವಮಂಗಳ ಲಿಂಗದಹಳ್ಳಿಯವಳು, ಬೀದಿ ತುಂಬ ಮಾತಾಡಿಕೊಂಡು ಬೆಳೆದವಳು. ಇಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ನಲ್ಲಿಯ ಹತ್ತಿರ ಹೋದರೆ, "ಹೊಸ ಮೇಷ್ಟ್ರ ಮನೆಯವ್ರು ಬಂದ್ರು, ಬಿಂದಿಗೆ ಸರಿಸ್ರೇ" ಎನ್ನುವರು. ಆಮೇಲೆ ಎಲ್ಲರೂ ಗಪ್‌ಚಿಪ್. ಜೊತೆಗೆ ಅವಳು ತುಂಬು ಬಸುರಿ. ತವರಿನ ನೆನಪು ಬೇರೆ.

ಅವಳ ಆಸೆಯೆಲ್ಲ ಸಂಕ್ರಾಂತಿಯ ಮೇಲಿತ್ತು. ಎಳ್ಳು ಬೀರಲು ತಟ್ಟೆ ಹಿಡಿದು ಮನೆಮನೆಗೆ ಹೋದರೆ ಯಾರು ತಾನೇ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ? ಅದಕ್ಕಾಗಿ ತನ್ನ ಕಾಫಿಗೆ ಬೆಲ್ಲ ಹಾಕಿಕೊಂಡು, ಸೊಸೈಟಿಯ ರೇಷನ್ ಸಕ್ಕರೆಯನ್ನು ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಎದುರು ಮನೆಯ ಕೊಬ್ಬರಿ ಮಂಡಿ ಗೌರಮ್ಮನವರಿಂದ ಮರದ ಅಚ್ಚುಗಳನ್ನೂ ಕೇಳಿ ತಂದಳು. ಗಿಣಿ, ಆನೆ, ತುಳಸಿಕಟ್ಟೆ.

"ನಮ್ಮವ್ವಂದು ಕಣಮ್ಮ ಇವು. ಗಿಣಿ ಮೂಗು ಮುರೀದಂಗೆ ನೋಡ್ಕೊ" ಎಂದಷ್ಟೇ ಹೇಳಿ ಗೌರಮ್ಮ ಒಳಗೆ ಹೋದರಂತೆ.

ಹಬ್ಬಕ್ಕೆ ಮುಂಚಿನ ಭಾನುವಾರ ಒಲೆ ಹಚ್ಚಿದಳು. ಹೊಗೆಗೆ ತಲೆ ಸುತ್ತು ಬಂದು ಗೋಡೆ ಹಿಡಿದು ಕೂತಳು. ನಾನು ಪಂಚೆ ಎತ್ತಿ ಕಟ್ಟಿದೆ.

"ನೀನು ಪಡಸಾಲೇಲಿ ಕೂತ್ಕೊ. ನಾನು ಮಾಡ್ತೀನಿ."

"ನಿಮಗೆ ಬರುತ್ತೇನ್ರೀ?"

"ಮಂಗಳಾ, ಇದನ್ನ ನಾನು ಮಕ್ಕಳಿಗೆ ಪಾಠ ಮಾಡ್ತೀನಿ. ನೀರು ಬಿಸಿಯಾದಷ್ಟೂ ಸಕ್ಕರೆ ಹೆಚ್ಚು ಕರಗುತ್ತೆ. ಇನ್ನು ಕರಗಲ್ಲ ಅನ್ನೋ ಘಟ್ಟಕ್ಕೆ ಪರ್ಯಾಪ್ತ ದ್ರಾವಣ ಅಂತಾರೆ. ಕುದಿಸಿ ಆರಿಸಿದ್ರೆ ನೀರಿಗೆ ಅಷ್ಟು ಸಕ್ಕರೆ ಹೊರೋಕಾಗದೆ ಹರಳಾಗಿ ಉದುರಿಸುತ್ತೆ. ಅದೇ ನಿನ್ನ ಗಿಣಿ."

"ಅದೇನಾದ್ರೂ ಆಗ್ಲಿ. ಕೊಳೆ ತೆಗೆಯೋಕೆ ಒಂದು ಚಮಚ ಹಾಲು ಹಾಕೋದು ಮರೀಬೇಡಿ."

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಸಕ್ಕರೆ ಪುಡಿಯಾದಷ್ಟೂ ಬೇಗ ಕರಗುತ್ತದೆ ಎಂದು ಒರಳಿನಲ್ಲಿ ಕುಟ್ಟಿದೆ. ಕಲಕಿದಷ್ಟೂ ಬೇಗ ಕರಗುತ್ತದೆ ಎಂದು ಸೌಟು ಆಡಿಸಿದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕರಗಿತು. ಸೊಸೈಟಿ ಸಕ್ಕರೆಯಾದ್ದರಿಂದ ಪಾಕ ಕೆರೆ ನೀರಿನ ಬಣ್ಣಕ್ಕಿತ್ತು, ಅಷ್ಟೆ.

ಹಾಲಿನ ಲೋಟ ಎತ್ತಿಕೊಂಡವನಿಗೆ ವಿದ್ಯೆ ಅಡ್ಡ ಬಂತು. ಸಕ್ಕರೆ ನೀರು ನಿಜವಾದ ದ್ರಾವಣ. ಹಾಲು ಕಲಿಲ, ಎಂದರೆ ಪೂರ್ತಿ ಕರಗದೆ ತೇಲುವ ಕಣಗಳ ಗುಂಪು. ಶುದ್ಧ ದ್ರಾವಣಕ್ಕೆ ಕಲಿಲ ಸುರಿಯುವುದು ಯಾವ ನ್ಯಾಯ? ಹಿತ್ತಾಳೆ ಪಾತ್ರೆಯ ಕೊಳೆ ಯಾವುದರಿಂದ ಹೋಗುತ್ತದೆ? ನಿಂಬೆಹಣ್ಣಿನಿಂದ. ದಪ್ಪನೆಯ ನಿಂಬೆಹಣ್ಣುಗಳನ್ನು ಹಿಂಡಿದೆ. ಒಳ್ಳೆಯದಾಗಲಿ ಎಂದು ಇನ್ನಷ್ಟು ಸೌದೆ ತುರುಕಿ ಚೆನ್ನಾಗಿ ಕುದಿಸಿದೆ.

ಪಾಕ ಜೇನಿನಂತೆ ಹೊಳೆಯಿತು. ಅಚ್ಚುಗಳಿಗೆ ದಾರ ಕಟ್ಟಿ ಹೊಯ್ದು ಕಾದೆ.

ಗಿಣಿ ಗಟ್ಟಿಯಾಗಲಿಲ್ಲ. ಊಟ ಮುಗಿಸಿ ಬಂದು ನೋಡಿದೆ. ಆಗಲೂ ಇಲ್ಲ. ಆನೆ ಅಡಿಯಿಂದ ಸೋರಿ ತುಳಸಿಕಟ್ಟೆಗೆ ಅಂಟಿಕೊಂಡಿತ್ತು. ಬಿಡಿಸಲು ಹೋದ ನಾನು ಎರಡಕ್ಕೂ ಅಂಟಿಕೊಂಡೆ. ಆಗ ನೆನಪಾಯಿತು. ಹುಳಿ ಹಾಕಿ ಕುದಿಸಿದರೆ ಸಕ್ಕರೆ ಒಡೆದು ಬೇರೆ ಎರಡು ಸಕ್ಕರೆಗಳಾಗುತ್ತದೆ, ಆ ಮಿಶ್ರಣ ಸುಲಭಕ್ಕೆ ಹರಳುಗಟ್ಟುವುದಿಲ್ಲ. ಇದನ್ನು ಫೈನಲ್ ಪರೀಕ್ಷೆಯಲ್ಲಿ ಸಮೀಕರಣ ಸಹಿತ ಬರೆದು ಬಂದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು.

ಮಂಗಳ ಬಾಗಿಲಲ್ಲಿ ನಿಂತು ಬಾಣಲೆ ನೋಡಿದಳು, ಖಾಲಿ ಡಬ್ಬಿ ನೋಡಿದಳು.

"ಒಂದು ಹಿಡಿನಾದ್ರೂ ಉಳಿಸಿದ್ದೀರಾ?"

ಉಳಿಸಿರಲಿಲ್ಲ. ಅವಳು ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಗೌರಮ್ಮನವರೇ ಬಂದರು, ಗಿಣಿಯ ಯೋಗಕ್ಷೇಮಕ್ಕೆ. ನಾನು ಅಚ್ಚುಗಳನ್ನು ಬೆನ್ನ ಹಿಂದೆ ಅಡಗಿಸಲು ನೋಡಿದೆ. ಎರಡೂ ಕೈ ಅವಕ್ಕೇ ಅಂಟಿಕೊಂಡು ಹಿಂದಕ್ಕೆ ಹೋಗಲಿಲ್ಲ.

"ಏನಪ್ಪಾ ಮೇಷ್ಟ್ರೇ, ಆನೆ ಬಿಡ್ತಾ ಇಲ್ವಾ ನಿಮ್ಮನ್ನ?"

ಮಂಗಳ ಅಳು ತಡೆಯಲು ಹೋಗಿ ನಕ್ಕುಬಿಟ್ಟಳು. "ಪಾಕಕ್ಕೆ ನಿಂಬೆಹಣ್ಣು ಹಿಂಡವ್ರೆ ಗೌರಮ್ಮಾ. ಹಿತ್ತಾಳೆ ಬೆಳಗಿದಂಗೆ."

"ಅಯ್ಯೋ ಶಿವನೇ, ಎಷ್ಟು ಓದವ್ರೆ ಇವರು?"

"ಬಿ.ಎಸ್ಸಿ." ಎಂದೆ. ಯಾಕೆ ಹೇಳಿದೆನೋ.

ಗೌರಮ್ಮ ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದರು. ಸದ್ದು ಕೇಳಿ ಪಕ್ಕದ ಮನೆಯವರು ಬಂದರು, ಅವರನ್ನು ಹುಡುಕಿಕೊಂಡು ಅತ್ತ ಕಡೆಯ ಮನೆಯವರು ಬಂದರು. ನಾನು ಹಿತ್ತಲಿನಲ್ಲಿ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಅಚ್ಚುಗಳನ್ನು ಒಂದೊಂದಾಗಿ ಒರೆಸಿ ಬಿಡಿಸಿದೆ. ಬಿಸಿಗೆ ಸಕ್ಕರೆ ಚೆನ್ನಾಗಿ ಕರಗಿತು. ಆ ದಿನ ಶಾಸ್ತ್ರ ನನ್ನ ಕೈಹಿಡಿದದ್ದು ಅಲ್ಲಿ ಮಾತ್ರ. ಗಿಣಿಯ ಮೂಗು ಕ್ಷೇಮವಾಗಿತ್ತು.

ಒಳಗೆ ಮಂಗಳ ಬಾಣಲೆಯಲ್ಲಿ ಉಳಿದ ಪಾಕಕ್ಕೆ ನೀರು, ಏಲಕ್ಕಿ ಹಾಕಿ ಎಲ್ಲರಿಗೂ ಷರಬತ್ತು ಕೊಡುತ್ತಿದ್ದಳು.

"ಸರ್ವಮಂಗಳಾ, ನೀನು ಹೆರಿಗೆಗೆ ಯಾವಾಗ ಹೋಗ್ತೀಯ?"

"ಮಂಗಳಾ, ಕಾಲು ಚಾಚ್ಕೊಂಡು ಕೂತ್ಕೊಳೇ. ಲೋಟ ನಾನು ತೊಳೀತೀನಿ."

"ಅಚ್ಚು ನಮ್ಮನೇಲಿ ಹೊಯ್ದಿರೋದೇ ಬೇಕಾದಷ್ಟಿದೆ. ನಿನ್ನ ತಟ್ಟೆಗೂ ಆಗುತ್ತೆ ಬಿಡು."

ಸಂಜೆಯವರೆಗೆ ಅಡುಗೆಮನೆಗೆ ಕಾಲಿಡಲು ನನಗೆ ಜಾಗವಿರಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಕೂತು ಅವಳ ನಗು ಕೇಳಿಸಿಕೊಂಡೆ. ಅಜ್ಜಂಪುರಕ್ಕೆ ಬಂದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕಿರಲಿಲ್ಲ.

ಹೊರಡುವಾಗ ಗೌರಮ್ಮ ಹೇಳಿದ್ದು ನನಗೂ ಕೇಳಿಸಲಿ ಎಂದೇ ಇರಬೇಕು. "ಮುಂದಿನ ವರ್ಷ ಅಚ್ಚು ನಾನೇ ತಂದು ಕೊಡ್ತೀನಿ ಮಂಗಳಾ, ಇಬ್ರೂ ಕೂತು ಹೊಯ್ಯೋಣ. ಅವತ್ತೊಂದಿನ ಮೇಷ್ಟ್ರನ್ನ ಲಕ್ಕವಳ್ಳಿ ಡ್ಯಾಮ್ ನೋಡೋಕೆ ಕಳಿಸ್ಬಿಡು."

ಮರುವರ್ಷ ಬೆಳಗಿನ ಬಸ್ಸಿಗೇ ಕಳಿಸಿದರು. ಡ್ಯಾಮು ಚೆನ್ನಾಗಿದೆ.