ಹಿಂದೆ ನೋಡಿ ನಡೆಯುವ ಭಾವ

ನನ್ನ ಹೆಂಡತಿಯ ಅಣ್ಣನಂಥ ಯುದ್ಧವೀರ ಇಡೀ ದೋಹಾದಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ. ನೌಕಾಪಡೆಯಲ್ಲಿ ಅಷ್ಟು ವರ್ಷ ಇದ್ದರೂ ಗುಂಡು ಹಾರಿಸಿದವರಲ್ಲ, ಹಾರಿದ ಗುಂಡಿನ ಸದ್ದು ಕೇಳಿದವರೂ ಅಲ್ಲ. ಇವರು ಎಳೆದವರು! ನಡುಗಡಲಲ್ಲಿ ಕೆಟ್ಟು ನಿಂತ ಹಡಗುಗಳಿಗೆ ಹಗ್ಗ ಕಟ್ಟಿ ಬಂದರಿಗೆ ಎಳೆದು ತರುವ ಟಗ್ ಒಂದರಲ್ಲಿ ಭಾವನ ಯೌವನವೆಲ್ಲ ಕಳೆಯಿತು. ರಸ್ತೆಯಲ್ಲಿ ಕೆಟ್ಟ ಕಾರನ್ನು ಎಳೆಯುವ ಲಾರಿ ಇರುತ್ತದಲ್ಲ, ಅದಕ್ಕೆ ಬೂದು ಬಣ್ಣ ಬಳಿದು ನೀರಿಗೆ ಬಿಟ್ಟರೆ ಅದೇ. ಹೀಗೆಂದು ನಾನು ಒಮ್ಮೆ ಹೇಳಿದ್ದಕ್ಕೆ ವಾರವಿಡೀ ಮಾತು ಬಿಟ್ಟಿದ್ದರು. ಎಂಥ ನೆಮ್ಮದಿಯ ವಾರ ಅದು!

ಈಗ ರಾಸ್ ಲಫಾನ್ ಬಂದರಿನಲ್ಲಿ ಗ್ಯಾಸ್ ಹಡಗುಗಳನ್ನು ದಡಕ್ಕೆ ತರುವ ಕೆಲಸ. ವಾಸ ದೋಹಾದ ಬಡಾವಣೆ ಬಿನ್ ಮಹಮೂದ್‌ನಲ್ಲಿ, ಸರಿಯಾಗಿ ನಮ್ಮ ತಲೆಯ ಮೇಲಿನ ಫ್ಲ್ಯಾಟು. ಶುಕ್ರವಾರ ಬಂಗುಡೆ ಮೀನಿನ ಪುಳಿಮುಂಚಿಯ ಪರಿಮಳ ಹಿಡಿದು ಇಳಿದು ಬರುತ್ತಾರೆ. ಬಂದರೆಂದರೆ ಟಗ್ಗಿನ ಸೇವಾಚರಿತ್ರೆ ಶುರು. ಮೊದಲು ಎಂಜಿನ್ ನಿಂತ ಯುದ್ಧನೌಕೆ, ಆಮೇಲೆ ಚಂಡಮಾರುತಕ್ಕೆ ಸಿಕ್ಕ ತೈಲದ ಹಡಗು, ಆಮೇಲೆ ಯಾವುದೋ ದ್ವೀಪಕ್ಕೆ ಕುಡಿಯುವ ನೀರು ಒಯ್ದದ್ದು. ಚಂಡಮಾರುತದ ಹೊತ್ತಿಗೆ ನನ್ನ ಮಗಳಿಗೆ ಹೋಮ್‌ವರ್ಕ್ ನೆನಪಾಗುತ್ತದೆ, ನೀರಿನ ಹೊತ್ತಿಗೆ ನನಗೆ ನಿದ್ದೆ. ಆಮೇಲೆ ಏನಾಯಿತೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅದನ್ನಾದರೂ ಸಹಿಸಬಹುದು, ಹಿಂದೆ ನೋಡುವ ಚಟವನ್ನು ಹೇಗೆ ಸಹಿಸುವುದು? ಹಡಗನ್ನು ಎಳೆಯುವಾಗ ಟಗ್ಗಿನಲ್ಲಿ ಒಬ್ಬ ಸದಾ ಹಿಂದಕ್ಕೆ ಮುಖ ಮಾಡಿ ಕೂತಿರಬೇಕಂತೆ. ಎಳೆಸಿಕೊಳ್ಳುವ ಹಡಗಿನಿಂದ ಕಣ್ಣು ಕೀಳಬಾರದು. ಅದು ಕಷ್ಟಪಟ್ಟರೆ ನಾವು ನಿಧಾನಿಸಬೇಕು. ಆ ಒಬ್ಬ ನಮ್ಮ ಭಾವ. ನೌಕಾಪಡೆ ಬಿಟ್ಟರೂ ಕುತ್ತಿಗೆ ಮುಂದಕ್ಕೆ ತಿರುಗಿಲ್ಲ. ಹಳೇ ಪೇಟೆ ಸೂಕ್ ವಾಕಿಫ್‌ಗೆ ಹೋದರೆ ಮುಂದೆ ಇವರು, ಹಿಂದೆ ನಾವು. ಸ್ವಲ್ಪ ದೂರಕ್ಕೊಮ್ಮೆ ತಿರುಗಿ ನಮ್ಮನ್ನು ದುರುಗುಟ್ಟಿ ನೋಡುವುದು. ಹಾಗೆ ನೋಡುತ್ತಲೇ ಒಮ್ಮೆ ಹಿಮ್ಮುಖವಾಗಿ ಖರ್ಜೂರದ ಅಂಗಡಿ ಹೊಕ್ಕು ಬುಟ್ಟಿಯ ಮೇಲೆಯೇ ಆಸೀನರಾದರು. ಅಂಗಡಿಯವ "ಯಲ್ಲಾ, ಯಲ್ಲಾ" ಎಂದು ಎಬ್ಬಿಸುತ್ತಿದ್ದರೆ ಇವರು ಅಲ್ಲಿಂದಲೇ ತಂಗಿಯನ್ನು ವಿಚಾರಿಸಿದರು: "ಚಪ್ಪಲಿ ಕಚ್ತದಾ? ಆಗಿಂದ ಕುಂಟ್ತಾ ಇದ್ದಿ."

"ನಿನ್ನಣ್ಣನ ಕಾರಿಗೆ ಮುಂದಿನ ಗಾಜು ಯಾಕೆ, ಕನ್ನಡಿ ಒಂದೇ ಸಾಕಲ್ಲ?" ಎಂದೆ ಹೆಂಡತಿಗೆ.

"ಮುಂದೆ ನೋಡಿಯೇ ಅಲ್ವಾ ನೀವು ಮೊನ್ನೆ ಕಂಬಕ್ಕೆ ಗುದ್ದಿದ್ದು?" ಎಂದಳು. ಅಣ್ಣ ತಂಗಿ ಒಂದೇ ಹಡಗಿನವರು.

ಈ ವರ್ಷ ಆ ಟಗ್ಗಿಗೂ ನಿವೃತ್ತಿಯಾಯಿತು. ಭಾವನಿಗೆ ಒಂದೇ ಆಸೆ ಹತ್ತಿಕೊಂಡಿತು. ಅದನ್ನು ಊರ ಕಡೆಯ ಯಾವುದಾದರೂ ಕಡಲ ದಂಡೆಯಲ್ಲಿ ಜನ ನೋಡಲು ನಿಲ್ಲಿಸಬೇಕು.

"ಯುದ್ಧನೌಕೆ ಇಡ್ತಾರೆ. ಅದನ್ನು ಮನೆಗೆ ಎಳ್ಕೊಂಡು ಬಂದದ್ದು ಯಾರು? ಇದನ್ನೂ ಇಡ್ತಾರೆ ನೋಡು. ರಜೆಯಲ್ಲಿ ನಿನ್ನ ಮಗಳನ್ನು ಹತ್ತಿಸ್ತೇನೆ."

"ಟಗ್ ನೋಡ್ಲಿಕ್ಕೆ ಐಸ್‌ಕ್ರೀಮಿನವನೂ ಬರ್ಲಿಕ್ಕಿಲ್ಲ ಭಾವ."

"ಬರ್ತಾರೆ ಮಾರಾಯ."

ತಿಂಗಳುಗಟ್ಟಲೆ ಶುಕ್ರವಾರದ ಮೀನಿನೊಂದಿಗೆ ಈ ಆಸೆಯನ್ನೂ ನಾವು ಉಂಡೆವು.

ಮೊನ್ನೆ ಸೂಕ್‌ನಲ್ಲಿ ನಾವಿಬ್ಬರೇ ಚಹಾ ಕುಡಿಯುತ್ತಿದ್ದಾಗ ಹಳೆಯ ಜೊತೆಗಾರನೊಬ್ಬ ಅವರಿಗೆ ವಿಡಿಯೋ ಕಳಿಸಿದ. ಭಾವನ ಟಗ್ಗನ್ನು ಇನ್ನೊಂದು ಟಗ್ ಗುಜರಿಗೆ ಎಳೆದೊಯ್ಯುತ್ತಿತ್ತು. ಭಾವ ಅದನ್ನು ಮತ್ತೆ ಮತ್ತೆ ನೋಡಿದರು. ಚಹಾ ಆರಿತು. ನಾನು ಇನ್ನೊಂದು ಬಿಸಿ ಚಹಾ ತರಿಸಿ ಅವರ ಮುಂದಿಟ್ಟೆ.

"ಖಲಾಸ್," ಎಂದರು. "ಕಬ್ಬಿಣ ಅಲ್ವಾ, ಹೋಗ್ಲಿ. ಆದ್ರೆ ನೋಡು, ಎಳೆಯುವವರ ಹಿಂಬದಿಯಲ್ಲಿ ಒಂದು ಜನ ಇಲ್ಲ. ಅದು ಬರ್ತಾ ಉಂಟಾ ಅಂತ ತಿರುಗಿ ನೋಡ್ಲಿಕ್ಕೆ ಯಾರಾದ್ರೂ ಬೇಡ್ವಾ?"

ಎದ್ದೆವು. ಆವತ್ತು ಭಾವ ಮುಂದೆ ಹೋಗಲಿಲ್ಲ. ತಲೆ ತಗ್ಗಿಸಿ ಜನರ ನಡುವೆ ಹಿಂದುಳಿದರು. ನಾನೇ ಮುಂದೆ ನಡೆದೆ. ಸ್ವಲ್ಪ ದೂರಕ್ಕೊಮ್ಮೆ ತಿರುಗಿ ನೋಡಿದೆ. ಬರುತ್ತಿದ್ದರು, ನಿಧಾನವಾಗಿ. ನಾನೂ ನಿಧಾನಿಸಿದೆ. ಹಾಗೆ ನೋಡುತ್ತಲೇ ಯಾರಿಗೋ ಡಿಕ್ಕಿ ಹೊಡೆದು ಬೈಸಿಕೊಂಡೆ.

ಕಾರಿನ ಹತ್ತಿರ ಅವರು ಬಂದು ಮುಟ್ಟುವವರೆಗೆ ನಿಂತಿದ್ದು ಕೇಳಿದೆ:

"ಭಾವ, ಆ ದ್ವೀಪಕ್ಕೆ ನೀರು ಕೊಟ್ಟ ಮೇಲೆ ಏನಾಯ್ತು?"