ಅರಿಶಿನವನ್ನು ಹೊಳೆಯಿಸಿದ ಯಂತ್ರಕ್ಕೆ ಒಂದು ಅರಿಕೆ

ಮಾನ್ಯ ಹೊಳಪು ಯಂತ್ರದವರೇ,

ಬಂಗಾಳದ ಕ್ಯಾನಿಂಗ್ ರೈಲು ನಿಲ್ದಾಣದ ಪಕ್ಕದ ನಮ್ಮ ಮೀನೂಟದ ಹೋಟೆಲಿನಿಂದ, ಅಂದರೆ ತಮ್ಮ ದಯೆಯಿಂದ ಈಗ ಬಾಗಿಲು ಹಾಕಿರುವ ಹೋಟೆಲಿನಿಂದ, ತಮಗೆ ಅನಂತ ನಮಸ್ಕಾರಗಳು. ತಮ್ಮ ಗಾಜು, ಬ್ಯಾಟರಿ ಎಲ್ಲ ಕ್ಷೇಮವೆಂದು ನಂಬಿದ್ದೇನೆ.

ಮೊನ್ನೆ ಮಂಗಳವಾರ ತಾವು ತಪಾಸಣೆ ಸಾಹೇಬರ ಚೀಲದಲ್ಲಿ ಕೂತು ದಯಮಾಡಿಸಿದಿರಿ. ತಮ್ಮ ಸೀಸೆಯ ನೀರಿನಲ್ಲಿ ಕಣ್ಣಿಗೆ ಕಾಣದ ಕಣಗಳಿವೆ, ಅವು ಆಹಾರದಲ್ಲಿರುವ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು ನೇರಳೆ ದೀಪದಡಿ ಹೊಳೆಯುತ್ತವೆ, ಲ್ಯಾಬಿನವರು ಮೂರು ದಿನ ಮಾಡುವ ಕೆಲಸ ತಮಗೆ ಹತ್ತೇ ನಿಮಿಷದ್ದು ಎಂದು ಸಾಹೇಬರು ವಿವರಿಸಿದರು. ಹತ್ತನೇ ಕ್ಲಾಸಿಗೆ ಓದು ಬಿಟ್ಟ ನನಗೂ ಅರ್ಥವಾಯಿತು.

ಹೋಟೆಲು ನಡೆಸುವವಳು ನನ್ನ ಸೋದರತ್ತೆ ಖಾಂತಮಣಿ, ನಮಗೆಲ್ಲ ಪಿಶಿ. ಆಗಷ್ಟೇ ತೊಳೆದ ಭೇಟ್ಕಿ ಮೀನಿಗೆ ಅವಳು ಉಪ್ಪು, ಅರಿಶಿನ ಸವರಿಟ್ಟಿದ್ದಳು. ತೊಳೆದ ಮೀನಿಗೆ ಅರಿಶಿನ ಸವರದವಳನ್ನು ನಮ್ಮ ಕಡೆ ಅಡುಗೆಯವಳು ಎನ್ನುವುದೇ ಇಲ್ಲ. ಆ ದೀಪದಡಿ ಅರಿಶಿನವೂ ತಾನಾಗಿಯೇ ಹೊಳೆಯುತ್ತದೆ ಎಂದು ತಮಗೆ ಯಾರೂ ಕಲಿಸಿರಲಿಲ್ಲ. ಮೀನು ಹೊಳೆಯಿತು, ತಟ್ಟೆ ಹೊಳೆಯಿತು, ಪಿಶಿಯ ಎರಡೂ ಅಂಗೈ ಹೊಳೆದವು. ಸೋಪಿನ ಪುಡಿಯಲ್ಲಿ ಒಗೆದ ಸಾಹೇಬರ ಬಿಳಿ ಅಂಗಿಯ ತೋಳು ಎಲ್ಲಕ್ಕಿಂತ ಜೋರಾಗಿ ಹೊಳೆಯಿತು. ಅಂಗಿಗೆ ಮಾತ್ರ ನೋಟಿಸು ಬರಲಿಲ್ಲ.

"ಮೂವತ್ತು ವರ್ಷದ ಅರಿಶಿನ ಬಾಬು, ಉಜ್ಜಿದ್ರೆ ಹೋಗತ್ತಾ?" ಎಂದಳು ಪಿಶಿ.

"ಯಂತ್ರ ಸುಳ್ಳು ಹೇಳಲ್ಲ ಅಮ್ಮಾ," ಎಂದರು ಸಾಹೇಬರು. "ಶುಕ್ರವಾರ ಮತ್ತೆ ಬರ್ತೀವಿ. ಆಗ್ಲೂ ಕೈ ಹೊಳೆದ್ರೆ ಲೈಸೆನ್ಸ್ ಹೋಯ್ತು ಅನ್ಕೊಳ್ಳಿ."

ತಮ್ಮ ಸತ್ಯಸಂಧತೆಗೆ ಮೆಚ್ಚಿ, ನಮ್ಮಲ್ಲಿ ಮದುವೆಯ ಅರಿಶಿನ ಶಾಸ್ತ್ರಕ್ಕೂ ತಾವು ಬರಬೇಕೆಂದು ಕೋರುತ್ತೇನೆ. ಮದುಮಗಳು ಅಪಾಯಕಾರಿ ಎಂದು ಹೇಳುವ ಹಕ್ಕು ಈವರೆಗೆ ಅವಳ ಅತ್ತೆಗೊಬ್ಬಳಿಗೇ ಇತ್ತು. ಅದು ಆಗದಿದ್ದರೆ ಒಂದು ಸಣ್ಣ ಉಪಕಾರ ಮಾಡಿ: ಒಂದೇ ಮೀನನ್ನು ಅರಿಶಿನ ಸವರುವ ಮುಂಚೆ ಒಮ್ಮೆ, ಸವರಿದ ಮೇಲೆ ಒಮ್ಮೆ ನೋಡಿ. ಇದನ್ನು ಸಾಹೇಬರಿಗೂ ಹೇಳಿದೆ. ಅವರು ನನ್ನ ಓದು ಎಷ್ಟು ಎಂದು ಕೇಳಿದರು.

ಪಿಶಿ ಹುಣಸೆ, ನಿಂಬೆ, ಬೂದಿ ಎಲ್ಲದರಲ್ಲೂ ಉಜ್ಜಿ ಚರ್ಮ ಸುಲಿದುಕೊಂಡಿದ್ದಾಳೆ. ಅರಿಶಿನದ ಬಣ್ಣ ಬಿಸಿಲಿಗೆ ಹೋಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಬುಧವಾರದಿಂದ ಹೋಟೆಲಿನ ಮೆಟ್ಟಿಲ ಮೇಲೆ ಎರಡೂ ಅಂಗೈ ಬಿಡಿಸಿಕೊಂಡು ಸೂರ್ಯನಿಗೆ ಎದುರಾಗಿ ಕೂತಿದ್ದಾಳೆ.

ತಮ್ಮ ಬೆಳಕಿಗೆ ಹೆದರಿಕೊಂಡೇ ಇರುವ,
ತಮ್ಮ ವಿಶ್ವಾಸಿ,
ಶುಭಂಕರ್ ನಸ್ಕರ್

ತಾ.ಕ.: ಇವತ್ತು ಮಧ್ಯಾಹ್ನ ರೈಲು ಇಳಿದವರೊಬ್ಬರು ಪಿಶಿಯನ್ನು ಭಿಕ್ಷುಕಿ ಎಂದುಕೊಂಡು ಅವಳ ಅಂಗೈಯಲ್ಲಿ ಅರ್ಧ ಸಮೋಸಾ ಇಟ್ಟು ಹೋದರು. ಮೂವತ್ತು ವರ್ಷ ಊರಿಗೆ ಊಟ ಬಡಿಸಿದವಳು ಅದನ್ನು ತಿನ್ನಲಿಲ್ಲ, ಎಸೆಯಲೂ ಇಲ್ಲ. ಪೊಟ್ಟಣ ಕಟ್ಟಿ ಈ ಅರಿಕೆಯ ಜೊತೆಗೇ ಕಳಿಸಿದ್ದೇನೆ. ಅವಳ ಅಂಗೈ ತಾಗಿದ ಬದಿಗೆ ಗುರುತು ಹಾಕಿದೆ. ಅದು ಹೊಳೆಯುತ್ತದೆ, ನಮಗೆ ಗೊತ್ತು. ದಯವಿಟ್ಟು ಅವಳ ಅರಿಶಿನ ತಾಗದ ಇನ್ನೊಂದು ಬದಿಯನ್ನೂ ನೋಡಿ.